ಮಾಬ್ಲು ಕಾಕನ ಎಡಗೈ

ನಮ್ಮ ಮಾಬ್ಲು ಕಾಕ ಸತ್ತ ಸುದ್ದಿ ಕಾರವಾರದಿಂದ ಅಂಚೆಯಲ್ಲಿ ಬಂದಾಗ ಅವನು ಅಂಗಳದಲ್ಲಿ ಕೂತು ಮೀಸೆಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದ. ಪತ್ರ ಓದಿ ಹೇಳಿದವಳು ನಾನೇ. ಆದರೆ ಅಲ್ಲಿಗೆ ಹೋಗುವ ಮೊದಲು ಕಾಳಿನ ವಿಷಯ ಹೇಳಬೇಕು.

ಮೊದಲು ಬಂದದ್ದು ಕಾಳಲ್ಲ, ಕೈಪಟ್ಟಿ. ಎರಡು ಸಾವಿರದ ಒಂದನೆಯ ಇಸವಿಯಲ್ಲಿ ಸರಕಾರ ಪ್ರತಿಯೊಬ್ಬರಿಗೂ ಒಂದೊಂದು ಕೊಟ್ಟಿತು. ಕಟ್ಟಿಕೊಂಡವರ ನಾಡಿ, ನಡಿಗೆ, ಮೈಬಿಸಿ ಎಲ್ಲ ಕಾರವಾರದ ಕಚೇರಿಗೆ ತಾನಾಗಿಯೇ ತಿಳಿಯುತ್ತಿತ್ತು. ಉದ್ದೇಶ ಒಳ್ಳೆಯದೇ. ಆದರೆ ಪಟ್ಟಿಗೆ ಬಿಚ್ಚುವ ಕೊಂಡಿ ಇಟ್ಟಿದ್ದರು. ಬೆಳಂಬಾರದ ನಮ್ಮ ದಂಡೆಯ ಜನ ಮೀನು ಕೊಯ್ಯುವಾಗ ಬಿಚ್ಚಿದರು, ಸ್ನಾನಕ್ಕೆ ಬಿಚ್ಚಿದರು, ಬಿಚ್ಚಿದ್ದನ್ನು ನಾಯಿಯ ಕೊರಳಿಗೆ ಕಟ್ಟಿ ಚೆಂದ ನೋಡಿದರು. ಬಲೆಯ ಯಜಮಾನ ದುರ್ಗಪ್ಪ ತಾಂಡೇಲರ ಪಟ್ಟಿ ದೋಣಿಯಿಂದ ಜಾರಿ ಒಂದು ಇಸವಾಣ ಮೀನಿನ ಹೊಟ್ಟೆ ಸೇರಿತು. ಆ ಮೀನು ಗೋವೆಯ ತನಕ ಹೋಗಿ ಬರುತ್ತಿತ್ತು. ಅರವತ್ತೆರಡನೆಯ ವಯಸ್ಸಿನಲ್ಲಿ ದಿನಕ್ಕೆ ಅರವತ್ತು ಮೈಲಿ ನಡೆಯುವ ಹಿರಿಯರೆಂದು ಕಚೇರಿಯವರು ತಾಂಡೇಲರನ್ನು ಕರೆಸಿ ಶಾಲು ಹೊದಿಸಿದರು. ಶಾಲು ಈಗಲೂ ಅವರ ಮನೆಯಲ್ಲಿದೆ.

ಇಂಥದು ಊರೂರಲ್ಲಿ ನಡೆದು, ಸರಕಾರಕ್ಕೆ ಬೇಸರ ಬಂದು, ಎರಡು ಸಾವಿರದ ಐದರಲ್ಲಿ ಕೊಂಡಿಯೇ ಇಲ್ಲದ ಕಾಳು ಬಂತು. ಅಕ್ಕಿಯ ಕಾಳಿನಷ್ಟೇ ಗಾತ್ರ. ಸೂಜಿಯಿಂದ ಎಡತೋಳಿನ ಚರ್ಮದೊಳಗೆ ಕೂರಿಸುವುದು. ಎಲ್ಲರಿಗೂ ಕಡ್ಡಾಯ. ಕಾಳಿಲ್ಲದಿದ್ದರೆ ಬಸ್ಸಿಲ್ಲ, ರೇಶನ್ ಇಲ್ಲ, ರಂಪಣಿ ಬಲೆಯಲ್ಲಿ ಪಾಲೂ ಇಲ್ಲ.

ರಂಪಣಿ ಊರಿಗೆ ಊರೇ ಸೇರುವ ಬಲೆ. ದೋಣಿಯವರು ಬಲೆಯನ್ನು ಕಡಲಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತಾರೆ. ಗಂಡಸರು ಎರಡೂ ತುದಿಯ ಹಗ್ಗ ಹಿಡಿದು ದಂಡೆಗೆ ಎಳೆಯುತ್ತಾರೆ. ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಾರೆ. ಹಗ್ಗ ಹಿಡಿದವರಿಗೆಲ್ಲ ಪಾಲು, ದೋಣಿಗೊಂದು ಪಾಲು, ಕೊನೆಗೆ ದಂಡೆ ಜಟಗನಿಗೆ ಒಂದು ಪಾಲು. ಜಟಗ ಅಂದರೆ ಹೊನ್ನೆ ಮರದ ಬುಡದಲ್ಲಿರುವ ಕಲ್ಲು, ನಮ್ಮ ದಂಡೆಯನ್ನು ಕಾಯುವ ದೇವರು. ಕಲ್ಲು ಮೀನು ತಿನ್ನುವುದಿಲ್ಲ. ಆ ಪಾಲು ಎಳೆಯುವ ಕೈ ಇಲ್ಲದ ಮನೆಗಳಿಗೆ ಹೋಗಬೇಕೆಂಬುದು ಹಿಂದಿನಿಂದ ಬಂದ ಪದ್ಧತಿ. ಆಗ ಅಂಥ ಮನೆಗಳು ಎರಡಿದ್ದವು. ಒಂದು ಗಂಗೂ ಅಜ್ಜಿಯದು, ಅವಳಿಗೆ ಯಾರೂ ಇಲ್ಲ. ಇನ್ನೊಂದು ನಮ್ಮದು. ಕಡಲಿಗೆ ಹೋದ ಅಪ್ಪ ಬರಲಿಲ್ಲ, ಆಯಿಗೆ ಸೊಂಟ ಹಿಡಿಯಿತು, ನಾನು ಏಳನೆಯತ್ತೆಗೆ ಶಾಲೆ ಬಿಟ್ಟೆ. ನಮ್ಮ ಒಲೆಯ ಮೇಲಿನ ಸಾರು ಜಟಗನದ್ದು.

ಹೀಗಿರುವಾಗ ಪಾಲು ಪಡೆಯುವ ಪ್ರತಿಯೊಬ್ಬರಿಗೂ ಕಾಳು ಇರತಕ್ಕದ್ದು ಎಂಬ ಆದೇಶವನ್ನು ಇಲಾಖೆಯವನೊಬ್ಬ ದಂಡೆಗೆ ಬಂದು ಓದಿದ.

"ಜಟಗನಿಗೂ ಬೇಕಾಗ್ತದ್ಯಾ?" ಎಂದು ತಾಂಡೇಲರು ಕೇಳಿದರು.

ಅವನು ಕಾಗದದಿಂದ ತಲೆ ಎತ್ತಲಿಲ್ಲ. "ಪಾಲು ತಗೊಳ್ತಾರಾ?"

"ತಗೊಳ್ತಾನೆ. ನನ್ನ ಅಜ್ಜನ ಕಾಲದಿಂದ್ಲೂ ತಗೊಳ್ತಾನೆ."

"ಹಾಗಾದ್ರೆ ಅವರಿಗೂ ಬೇಕು. ವಯಸ್ಸಾಗಿ ಕ್ಯಾಂಪಿಗೆ ಬರೂಕೆ ಆಗದೇ ಇದ್ರೆ ಫಾರಂ ಕಳ್ಸಿ, ಕಾಳು ಡಬ್ಬಿಲಿ ಕೊಡ್ತೇವೆ."

ಊರಿನ ಫಾರಂಗಳನ್ನೆಲ್ಲ ತುಂಬುವವಳು ನಾನು. ಅಕ್ಷರ ಚೆಂದ ಎನ್ನುತ್ತಾರೆ. ಹೇಗೂ ಮಾತಾಡುವವಳಲ್ಲ, ಬರೆಯಲಿ ಎಂದೂ ಇರಬಹುದು. ಜಟಗನ ವಿವರ ಕೇಳಲು ಗಂಗೂ ಅಜ್ಜಿಯ ಹತ್ತಿರ ಹೋದೆ.

"ತಂದೆಯ ಹೆಸರು ಬೇಕಂತೆ ಅಜ್ಜಿ."

"ಕಲ್ಲಿಗೆ ಅಪ್ಪ ಯಾರೇ? ಗುಡ್ಡೆ ಅಂತ ಬರಿ."

"ವಯಸ್ಸು?"

"ನನ್ನ ಅಜ್ಜಿಯ ಅಜ್ಜಿಗೂ ಅಂವ ಅಜ್ಜನೇ ಆಗಿದ್ನಂತೆ."

ಫಾರಂನಲ್ಲಿ ಎರಡು ಅಂಕಿಗೆ ಮಾತ್ರ ಜಾಗವಿತ್ತು. ತೊಂಬತ್ತೊಂಬತ್ತು ಎಂದು ಬರೆದೆ. ವೃತ್ತಿ, ದಂಡೆ ಕಾಯುವುದು. ಮದುವೆ, ಇಲ್ಲ. ಮೈಮೇಲಿನ ಗುರುತು, ಎಡಬದಿಗೆ ಕಡಲ ಚಿಪ್ಪು ಅಂಟಿದೆ. ನಾಲ್ಕನೆಯ ಪುಟದಲ್ಲಿ ಇರುವೆಯಷ್ಟು ಅಕ್ಷರದಲ್ಲಿ ನಿಯಮಗಳಿದ್ದವು. ಮನೆಯಲ್ಲಿ ಓದಲು ಬೇರೇನೂ ಇಲ್ಲದ್ದರಿಂದ ಅವನ್ನೂ ಓದಿದೆ.

ಅಂಕೋಲೆಯ ಕ್ಯಾಂಪಿಗೆ ಜಟಗನ ಫಾರಂ ಒಯ್ಯುವ ಕೆಲಸ ಮಾಬ್ಲು ಕಾಕನಿಗೆ ಬಂತು. ಬಂತು ಎನ್ನುವುದಕ್ಕಿಂತ ಅವನೇ ಎಳೆದುಕೊಂಡ. ಮಾಬ್ಲೇಶ್ವರ ಎಂಬುದು ಪೂರ್ತಿ ಹೆಸರು. ಅಪ್ಪನ ತಮ್ಮ, ನಲವತ್ತಾರು ವರ್ಷ, ಹಗ್ಗ ಎಳೆಯಲು ಯಾವಾಗಲೂ ಕೊನೆಗೆ ಬರುವವನು. ಕಾಳು ಹಾಕುವ ಸೂಜಿಗೆ ಊರೇ ಹೆದರಿ ಕೂತಾಗ ಇವನು ಅಂಗಿಯ ತೋಳು ಮಡಚಿ ಹಳೆಯ ಕಲೆಯೊಂದನ್ನು ತೋರಿಸಿದ. "ನೋಡಿ, ತಾಟೆ ಮೀನು ಕಚ್ಚಿದ್ದು. ಆಗ್ಲೇ ನಾ ಹಾಂ ಅನ್ಲಿಲ್ಲ. ನಂಗೆ ಸೂಜಿ ಎಂತಾ ಲೆಕ್ಕ?"

ತಾಟೆ ಅಂದರೆ ಶಾರ್ಕ್. ಅದು ಹಲಸಿನಹಣ್ಣು ಕೊಯ್ಯುವಾಗ ಕತ್ತಿ ತಾಗಿದ ಕಲೆ. ಅವತ್ತು ಅವನು ಹಾಂ ಎಂದದ್ದು ಮೂರು ಮನೆಗೆ ಕೇಳಿತ್ತು ಎಂದು ಅವನ ಹೆಂಡತಿ ಕಾಶಿ ಕಾಕಿ ಅಲ್ಲೇ ಹೇಳಿದಳು.

ಕ್ಯಾಂಪಿನ ಸಾಲಿನಲ್ಲಿ ನಾನು ಅವನ ಹಿಂದೆಯೇ ನಿಂತಿದ್ದೆ. ಅವನ ಕೈಯಲ್ಲಿ ಎರಡು ಫಾರಂ, ಒಂದು ಅವನದ್ದು, ಒಂದು ಜಟಗನದ್ದು. ಸೂಜಿ ಕಾಣುವಷ್ಟು ಹತ್ತಿರ ಬಂದ ಕೂಡಲೇ ಕಾಕ ಕಣ್ಣು ಗಟ್ಟಿಯಾಗಿ ಮುಚ್ಚಿದ. ಮುಚ್ಚಿದ ಕಣ್ಣಲ್ಲೇ ಸ್ಟೂಲಿನ ಮೇಲೆ ಕೂತ, ಮುಚ್ಚಿದ ಕಣ್ಣಲ್ಲೇ ಒಂದು ಫಾರಂ ನೀಡಿದ. ಅದು ಜಟಗನದ್ದಾಗಿತ್ತು.

"ನಿಮ್ಮ ವಯಸ್ಸು ತೊಂಬತ್ತೊಂಬತ್ತಾ?" ಎಂದಳು ನರ್ಸ್.

"ಹೂಂ," ಎಂದ ಕಾಕ.

"ಮೀಸೆ ಇನ್ನೂ ಕಪ್ಪಿದ್ಯಲ್ಲ. ಮದುವೆ ಆಗ್ಲಿಲ್ವಾ?"

"ಹೂಂ."

"ಅದ್ಕೇ ಇರ್ಬೇಕು. ಎಡಬದಿಗೆ ಚಿಪ್ಪು ಅಂಟಿದೆ ಅಂತ ಬರ್ದದೆ. ನೋವಾಗ್ತದ್ಯಾ?"

ಅಷ್ಟರಲ್ಲಿ ಸೂಜಿ ಒಳಗೆ ಹೋಗಿತ್ತು. ಕಾಕ ಈ ಸಲ ಹೂಂ ಎನ್ನಲಿಲ್ಲ. ಏನು ಅಂದ ಎಂಬುದನ್ನು ಹೊರಗಿನ ಬಸ್‌ಸ್ಟ್ಯಾಂಡಿನವರು ಹೇಳಬಹುದು.

"ಈ ಇನ್ನೊಂದು ಮಾಬ್ಲೇಶ್ವರ ಅನ್ನೋರದ್ದು?"

"ಡಬ್ಬಿ... ಡಬ್ಬಿಗೆ ಹಾಕಿ ಕೊಡಿ," ಎಂದು ಕಾಕ ನರಳಿದ.

ನಾನು ಎಲ್ಲವನ್ನೂ ನೋಡಿದೆ. ಹೇಳಬೇಕು ಅಂತ ಬಾಯಿ ತೆರೆದೆ. ಗುರುತಿಲ್ಲದವರ ಎದುರು ನನ್ನ ಗಂಟಲು ಹೊರಗಿನಿಂದ ಚಿಲಕ ಹಾಕಿದ ಹಾಗೆ ಆಗುತ್ತದೆ. ಅಷ್ಟರಲ್ಲಿ ನರ್ಸ್ "ಮುಂದಿನವರು" ಎಂದಳು. ಮುಂದಿನವಳು ನಾನೇ.

ಮನೆಗೆ ಬಂದು ಕಾಕಿಗೆ ಹೇಳಿದರಾಯಿತು ಅಂದುಕೊಂಡೆ. ಬರುವಷ್ಟರಲ್ಲಿ ಕಾಕ ಡಬ್ಬಿಯ ಕಾಳನ್ನು ಹಲಸಿನ ಮೇಣದಲ್ಲಿ ಕಲ್ಲಿಗೆ ಅಂಟಿಸಿ, ಊದಿನಕಡ್ಡಿ ಹಚ್ಚಿ, ಊರಿಗೆಲ್ಲ ಬೆಲ್ಲ ಹಂಚುತ್ತಿದ್ದ. ಗಂಗೂ ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನೂ ಬೆಲ್ಲ ತಿಂದೆ.

ಸೋಮವಾರ ಬಲೆ ಬಿಟ್ಟರು. ಇಲಾಖೆಯವರು ದಂಡೆಯಲ್ಲಿ ಕಂಬ ನೆಟ್ಟು ಒಂದು ಪೆಟ್ಟಿಗೆ ಕೂರಿಸಿದ್ದರು. ಹಗ್ಗ ಹಿಡಿಯುವ ಮೊದಲು ಅದಕ್ಕೆ ತೋಳು ತೋರಿಸಬೇಕು, ಅದು ಹೆಂಗಸಿನ ದನಿಯಲ್ಲಿ ಹೆಸರು ಕೂಗಿ ಪಾಲಿನ ಚೀಟಿ ಬರೆದಿಡುತ್ತದೆ. ಚೀಟಿ ಇಲ್ಲದವರಿಗೆ ಒಂದು ಬಂಗಡೆ ಕೊಟ್ಟರೂ ಬಲೆಯ ಪರವಾನಗಿ ರದ್ದು.

ನಲವತ್ತು ಗಂಡಸರು ಆಗಲೇ ಎಳೆಯಲು ಸುರು ಮಾಡಿದ್ದರು. ಬಲೆ ಭಾರವಾಗಿತ್ತು, ನೀರಿನಲ್ಲಿ ಬೆಳ್ಳಿ ಕುದಿಯುವ ಹಾಗೆ ಬಂಗಡೆ ಹೊಳೆಯುತ್ತಿದ್ದವು. ಎಂದಿನಂತೆ ತಡವಾಗಿ ಬಂದ ಮಾಬ್ಲು ಕಾಕ ತೋಳು ತೋರಿಸಿದ.

"ದಂಡೆ ಜಟಗ ಅವರು ಹಾಜರಾಗಿದ್ದಾರೆ," ಎಂದಿತು ಪೆಟ್ಟಿಗೆ.

ನಲವತ್ತೂ ಜನ ಹಗ್ಗ ಬಿಟ್ಟು ಕೈ ಮುಗಿದರು. ಬಂಗಡೆಗಳಿಗೆ ಅಷ್ಟು ಭಕ್ತಿ ಇರಲಿಲ್ಲ. ಬಲೆ ಸಡಿಲಾದ ಕೂಡಲೇ ಅರ್ಧಕ್ಕರ್ಧ ಹೊರಟು ಹೋದವು.

ಕಾಕ ಹಿಂದೆ ತಿರುಗಿ ಜಟಗ ಎಲ್ಲಿ ಬಂದ ಎಂದು ಹುಡುಕಿದ. ಮತ್ತೆ ತೋಳು ತೋರಿಸಿದ. ಮತ್ತೆ ಅದೇ ಆಯಿತು, ಈ ಸಲ ಕೈ ಮುಗಿದವರು ಏಳೆಂಟು ಜನ ಮಾತ್ರ.

"ಮಾಬ್ಲು," ಎಂದರು ತಾಂಡೇಲರು ನಿಧಾನವಾಗಿ, "ಎಂತಾ ಮಾಡ್ಕೊಂಡು ಬಂದೆ ಮಾರಾಯಾ?"

ಪಾಲು ಹಂಚುವಾಗ ಪೆಟ್ಟಿಗೆ ಜಟಗನ ಹೆಸರಿಗೆ ಸರಿಯಾದ ಚೀಟಿ ಕೊಟ್ಟಿತು. ಸ್ವತಃ ಬಂದು ಹಗ್ಗ ಎಳೆದ ದೇವರು ಜಿಲ್ಲೆಯಲ್ಲಿ ಇವನೊಬ್ಬನೇ ಇರಬೇಕು. ಗಂಗೂ ಅಜ್ಜಿಯ ಬುಟ್ಟಿ ತುಂಬಿತು, ನಮ್ಮದೂ ತುಂಬಿತು. ಮಾಬ್ಲೇಶ್ವರ ಗೈರುಹಾಜರು. ಕಾಶಿ ಕಾಕಿ ಖಾಲಿ ಬುಟ್ಟಿ ಹೊತ್ತು ಮನೆಗೆ ಹೋದಳು. ಅದನ್ನು ಇಳಿಸಿದ ಸದ್ದು ನಮ್ಮನೆಗೆ ಕೇಳಿತು.

ಮರುದಿನ ತಿದ್ದಿಸಿಕೊಂಡು ಬರಲು ಕಾಕಿ ಅವನನ್ನು ಅಂಕೋಲೆಗೆ ಅಟ್ಟಿದಳು. ಕಾಗದ ಓದಲು ನನ್ನನ್ನೂ ಕಳಿಸಿದಳು. ಬಸ್ಸಿನ ಕಂಡಕ್ಟರ್ ಹಿಲ್ಲೂರಿನವನು. ಕೈಯಲ್ಲಿನ ಯಂತ್ರವನ್ನು ಕಾಕನ ತೋಳಿಗೆ ಹಿಡಿದು ಎರಡು ಸಲ ಓದಿಕೊಂಡ.

"ನಮ್ಮೂರ ಕಾಡಲ್ಲಿ ಜಟಗ ಹುಲಿ ಮೇಲೆ ಬತ್ತಾನೆ. ನಿಮ್ಮೂರಿನಂವಗೆ ಬಸ್ಸೇ ಆಗ್ಬೇಕಾ?"

"ಹುಲಿ ಸಿಗ್ಲಿಲ್ಲ," ಎಂದ ಕಾಕ ಬೇಸರದಿಂದ. ಒಬ್ಬ ಮುದುಕಿ ಎದ್ದು ಅವನಿಗೆ ಸೀಟು ಬಿಟ್ಟಳು. ಕಾಕ ಬೇಡ ಎನ್ನಲಿಲ್ಲ. ಇಳಿಯುವಾಗ ಅವಳು ಸೊಸೆಯ ಹೊಟ್ಟೆನೋವಿನ ವಿಷಯ ಹೇಳಿದಾಗ, ಜೀರಿಗೆ ಕಷಾಯ ಕೊಡು ಎಂದು ಗಂಭೀರವಾಗಿ ಅಪ್ಪಣೆಯನ್ನೂ ಕೊಟ್ಟ.

ಅಂಕೋಲೆಯ ಕಚೇರಿಯಲ್ಲಿ ಹೇಳಿದ್ದು ಇಷ್ಟು. ತಿದ್ದುವ ಅಧಿಕಾರ ಕಾರವಾರದವರಿಗೆ ಮಾತ್ರ. ಅದಲ್ಲದೆ ಹೊಸ ಆದೇಶ ಬಂದಿದೆ: ನಾಡಿ ಇಲ್ಲದ ಕಾಳು ಹದಿನೈದು ದಿನಕ್ಕೆ ತಾನಾಗಿಯೇ ರದ್ದಾಗುತ್ತದೆ. ಅಂದರೆ ಕಾಕನ ಹೆಸರು ಕಾಕನಿಗೂ ಜಟಗನ ಹೆಸರು ಕಲ್ಲಿಗೂ ಹೋದರೆ, ಕಲ್ಲಿಗೆ ನಾಡಿ ಇಲ್ಲವಾದ್ದರಿಂದ ಜಟಗನ ಪಾಲು ನಿಲ್ಲುತ್ತದೆ.

ಬರುವಾಗ ಬಸ್ಸಿನಲ್ಲಿ ಕಾಕ ಮೀಸೆ ಮುಟ್ಟಿಕೊಳ್ಳಲಿಲ್ಲ, ಕಾರವಾರಕ್ಕೆ ಹೋಗುವ ಮಾತನ್ನೂ ಎತ್ತಲಿಲ್ಲ.

ಇತ್ತ ಕಾರವಾರದ ಕಚೇರಿ ಕಲ್ಲಿನ ಆರೋಗ್ಯವನ್ನು ನೋಡುತ್ತಲೇ ಇತ್ತು. ಮೊದಲ ಕಾಗದ: "ಶ್ರೀ ಮಾಬ್ಲೇಶ್ವರ ಅವರೇ, ನಿಮ್ಮ ನಡಿಗೆ ಸಾಲದು. ಬೆಳಿಗ್ಗೆ ಸ್ವಲ್ಪ ಅಡ್ಡಾಡಿರಿ." ನಾಲ್ಕು ದಿನ ಬಿಟ್ಟು ಎರಡನೆಯದು: "ಮಧ್ಯಾಹ್ನ ನಿಮ್ಮ ಮೈಬಿಸಿ ಐವತ್ತು ಡಿಗ್ರಿ ಮುಟ್ಟುತ್ತಿದೆ. ನೆರಳಿನಲ್ಲಿರಿ, ಎಳನೀರು ಕುಡಿಯಿರಿ." ಗಂಗೂ ಅಜ್ಜಿ ಅದನ್ನು ಓದಿಸಿ ಕೇಳಿ, ಸರಕಾರಕ್ಕೆ ಈಗಲಾದರೂ ಬುದ್ಧಿ ಬಂತು ಎಂದು ಎರಡು ಎಳನೀರು ಕೆತ್ತಿಸಿ ಕಲ್ಲಿಗೆ ಎರೆದಳು. ಮೂರನೆಯದೇ ನಾನು ಮೊದಲು ಹೇಳಿದ ಪತ್ರ: "ಹನ್ನೆರಡು ದಿನದಿಂದ ನಾಡಿ ಇಲ್ಲದಿರುವ ಕಾರಣ ಮಾಬ್ಲೇಶ್ವರ ಅವರು ನಿಧನರಾಗಿದ್ದಾರೆಂದು ತಿಳಿಸಲು ವಿಷಾದಿಸುತ್ತೇವೆ. ಶ್ರೀಮತಿ ಕಾಶಿ ಅವರ ದುಃಖದಲ್ಲಿ ಇಲಾಖೆ ಭಾಗಿಯಾಗಿದೆ."

ಕಾಕನ ಕೈಯ ಬ್ರಷ್ ಮೀಸೆಯಿಂದ ಕೆನ್ನೆಗೆ ಹೋಯಿತು.

"ನಾ ಸತ್ತದ್ದು ಯಾವಾಗಂತೆ?" ಎಂದು ಕೇಳಿದ.

"ಕ್ಯಾಂಪಿನ ದಿವಸವೇ," ಎಂದೆ.

"ನಂಗೆ ಆಗ್ಲೇ ಅನುಮಾನ ಇತ್ತು," ಎಂದ.

ಸಂಜೆ ತಾಂಡೇಲರು ಬಂದರು. ಮೂರು ಬಲೆಯಿಂದ ಕಾಕಿಯ ಮನೆಗೆ ಮೀನು ಸಿಕ್ಕಿಲ್ಲವೆಂಬುದು ಅವರನ್ನು ಕೊರೆಯುತ್ತಿತ್ತು. ಕಾಗದ ಕೈಗೆ ಬಂದದ್ದು ಅವರಿಗೊಂದು ದಾರಿಯಾಗಿ ಕಂಡಿರಬೇಕು. ಶಾಲು ಹೊದ್ದುಕೊಂಡೇ ಬಂದಿದ್ದರು. ಬುಟ್ಟಿಯಲ್ಲಿ ಒಳ್ಳೆಯ ನೊಗಲಿ ಮೀನು.

"ಕಾಶೀ, ಇದು ಜಟಗನ ಪಾಲಿಂದು. ಕಾಗದದ ಪ್ರಕಾರ ನೀನೂ ಈಗ ಗಂಡ ಇಲ್ಲದವಳೇ. ಪದ್ಧತಿ ಪ್ರಕಾರ ನಿಂಗೂ ಬತ್ತದೆ."

ಕಾಕಿ ಬುಟ್ಟಿ ನೋಡಿದಳು. ಜಗಲಿಯ ಮೇಲೆ ಕೂತಿದ್ದ ಗಂಡನನ್ನು ನೋಡಿದಳು. ನೊಗಲಿಯೆಂದರೆ ಅವಳಿಗೆ ಪ್ರಾಣ.

"ದುರ್ಗಪ್ಪ ದಾದಾ, ನನ್ನ ಗಂಡ ಮಂಗ ಹೌದು. ಹೆಣ ಅಲ್ಲ. ತಗೊಂಡು ಹೋಗಿ ಇದ್ನ." ತಾಂಡೇಲರು ಹೊರಟ ಮೇಲೆ ಕಾಕನತ್ತ ತಿರುಗಿದಳು. "ಮೂರು ಮಕ್ಕಳಿಗೆ ಬರೀ ಮೀನಿಲ್ಲದ ಸಾರು ಎಷ್ಟು ದಿವಸ ಬಡಸ್ಲಿ? ಎಂಥದ್ದಾದ್ರೂ ಮಾಡು, ಬದುಕ್ಕಂಡು ಬಾ."

ಬದುಕಿ ಬರಲು ಅವನು ಎಲ್ಲಿಗೂ ಹೋಗಬೇಕಾಗಲಿಲ್ಲ. ಎರಡೇ ದಿನಕ್ಕೆ ಸಾವನ್ನು ಖಾತ್ರಿ ಮಾಡಲು ಕಾರವಾರದ ಕಚೇರಿಯ ಹರಿಶ್ಚಂದ್ರ ಸಾಹೇಬರು ಜೀಪಿನಲ್ಲಿ ಬಂದರು. ಜೊತೆಗೆ ಕ್ಯಾಂಪಿನ ಆ ನರ್ಸೂ ಇದ್ದಳು. ಸಾಹೇಬರು ದುಃಖದ ಮುಖ ಮಾಡಿಕೊಂಡೇ ಇಳಿದರು.

"ಮೃತರ ದೇಹ ಎಲ್ಲಿದೆ?"

"ಚಾ ಕುಡೀತಾ ಅದೆ ಸಾಹೇಬ್ರೆ," ಎಂದಳು ಕಾಕಿ.

ಸಾಹೇಬರು ಯಂತ್ರ ಹಿಡಿದುಕೊಂಡು, ಕಾಕಿ ಕೈ ತೋರಿಸಿದ ಹೊನ್ನೆ ಮರದ ಬುಡಕ್ಕೆ ಹೋದರು. ಕಲ್ಲಿಗೆ ಹಿಡಿದು ಓದಿದರು: "ಮಾಬ್ಲೇಶ್ವರ, ನಲವತ್ತಾರು, ವಿವಾಹಿತ." ಆಮೇಲೆ ಕಾಕನಿಗೆ ಹಿಡಿದರು: "ದಂಡೆ ಜಟಗ, ತೊಂಬತ್ತೊಂಬತ್ತು, ಅವಿವಾಹಿತ." ಕಾಕಿ ಕಾಕನನ್ನು ಒಂದು ಸಲ ನೋಡಿದಳು. ಅವನು ಚಾದ ಲೋಟವನ್ನು ಸ್ವಲ್ಪ ದೂರ ಇಟ್ಟ.

ಊರೆಲ್ಲ ಮರದ ಕೆಳಗೆ ಸೇರಿತು. ಸಾಹೇಬರು ಹಣೆ ಒರೆಸಿಕೊಂಡರು. "ನೋಡಿ, ಸತ್ತವರನ್ನು ಬದುಕಿಸುವ ಫಾರಂ ನಮ್ಮಲ್ಲಿಲ್ಲ. ಆದ್ರೆ ಈ ತೋಳಿನ ಕಾಳಿನಲ್ಲಿ ಜಟಗ ಅಂತಿರೋದನ್ನ ಅಳಿಸಿ ಮಾಬ್ಲೇಶ್ವರ ಅಂತ ಈಗ್ಲೇ ಬರೀತೇನೆ. ನಿಮ್ಮ ಪಾಲು ನಾಳೆಯಿಂದ ಸುರು. ಕಲ್ಲಿನ ಕಾಳು ಕಿತ್ಕೊಂಡು ಹೋಗ್ತೇನೆ. ಆಯ್ತಲ್ಲ?"

"ಜಟಗನ ಪಾಲು?" ಎಂದರು ತಾಂಡೇಲರು.

"ನಾಡಿ ಇಲ್ಲದವರಿಗೆ ಪಾಲಿಲ್ಲ. ಅದು ನನ್ನ ಕೈಲಿಲ್ಲ."

ಗಂಗೂ ಅಜ್ಜಿ ತನ್ನ ಬುಟ್ಟಿಯ ಅಂಚಿನ ಬಿಟ್ಟುಹೋದ ಬಿದಿರಿನ ಕಡ್ಡಿಯನ್ನು ಒಳಗೆ ಸಿಕ್ಕಿಸುತ್ತ ಕೂತಳು, ನಾಳೆಗೂ ಬುಟ್ಟಿ ಬೇಕಾಗುತ್ತದೆ ಎನ್ನುವ ಹಾಗೆ. ನಮ್ಮ ಆಯಿ ಬಾಗಿಲ ಚೌಕಟ್ಟು ಹಿಡಿದು ದೂರದಿಂದಲೇ ನೋಡುತ್ತಿದ್ದಳು.

ಮಾಬ್ಲು ಕಾಕ ಎದ್ದು ನಿಂತ. ಅಂಗಿಯ ತೋಳನ್ನು ಕೆಳಗೆ ಎಳೆದು ಗುಂಡಿ ಹಾಕಿಕೊಂಡ.

"ಬೇಡ ಸಾಹೇಬ್ರೆ. ನಾ ಸತ್ತಂವನಾಗೇ ಇರ್ತೆ. ಏನೂ ತೊಂದ್ರೆ ಆಗ್ಲಿಲ್ಲ, ಬಸ್ಸಲ್ಲಿ ಸೀಟು ಬಿಡ್ತಾರೆ."

ಕಾಶಿ ಕಾಕಿ ಬಾಯಿ ತೆರೆದಳು. ಮತ್ತೆ ಮುಚ್ಚಿದಳು. ಅವಳು ಹಾಗೆ ಮಾಡಿದ್ದನ್ನು ನಾನು ಮೊದಲ ಸಲ ನೋಡಿದ್ದು.

"ಹನ್ನೊಂದನೇದು," ಎಂದಿತು ಒಂದು ದನಿ. ಎಲ್ಲರೂ ನನ್ನ ಕಡೆ ತಿರುಗಿದಾಗಲೇ ಅದು ನನ್ನದೆಂದು ಗೊತ್ತಾದದ್ದು.

"ಏನು?" ಎಂದರು ಸಾಹೇಬರು.

"ಫಾರಂದು ನಾಲ್ಕನೇ ಪುಟ ಸರ್. ಹನ್ನೊಂದನೇ ನಿಯಮ. ಎಡತೋಳಿನಲ್ಲಿ ಜಾಗ ಇಲ್ಲದವರಿಗೆ ಬಲತೋಳಿಗೆ ಹಾಕತಕ್ಕದ್ದು ಅಂತ ಅದೆ."

ಸಾಹೇಬರು ಚೀಲದಿಂದ ಫಾರಂ ತೆಗೆದು ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ಓದಿದರು. "ಇದು ಗಾಯ ಗೀಯ ಆದವರಿಗಮ್ಮ."

"ಹಂಗೆ ಬರೀಲಿಲ್ಲ ಸರ್. ಜಾಗ ಇಲ್ಲದವರಿಗೆ ಅಂತ್ಲೇ ಬರ್ದದೆ. ಕಾಕನ ಎಡತೋಳಲ್ಲಿ ಜಾಗ ಇಲ್ಲ. ಜಟಗ ಇದ್ದಾನೆ."

"ಒಬ್ಬರಿಗೆ ಎರಡು ಕಾಳಾ?"

"ಹಾಕೂಕಿಲ್ಲ ಅಂತ ಎಲ್ಲೂ ಇಲ್ಲ ಸರ್. ನಾ ಪೂರಾ ಓದಿದ್ದೆ." ಗಂಟಲು ಮತ್ತೆ ಮುಚ್ಚುವ ಮೊದಲು ಉಳಿದದ್ದನ್ನೂ ಹೇಳಿಬಿಟ್ಟೆ. "ನಾಡಿ ಬೇಕು ಅಂದ್ರಲ್ಲ. ಕಾಕಂದು ಇಬ್ಬರಿಗೂ ಸಾಕಾಗ್ತದೆ."

ತಾಂಡೇಲರು ಶಾಲು ಸರಿ ಮಾಡಿಕೊಂಡರು. "ಹಗ್ಗ ಎಳೂಕೆ ಎರಡು ಕೈ ಬೇಕು ಸಾಹೇಬ್ರೆ. ಒಂದು ಅಂವಂದು, ಒಂದು ಜಟಗಂದು. ಇಷ್ಟು ದಿವಸವೂ ಹಂಗೇ ಎಳ್ದದ್ದು ನಾವು."

ಸಾಹೇಬರು ಕಲ್ಲನ್ನು ನೋಡಿದರು, ಕಡಲನ್ನು ನೋಡಿದರು, ಬದುಕಿರುವ ಮನುಷ್ಯನನ್ನು ಸಾಯಿಸಿದ ಆ ಪತ್ರದ ಕೆಳಗಿನ ತಮ್ಮದೇ ಸಹಿಯನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. ಆಮೇಲೆ ಪುಸ್ತಕ ತೆಗೆದು, ಬಾಯಲ್ಲೇ ಓದಿಕೊಳ್ಳುತ್ತ ಬರೆದರು: "ಕಾಳು ಸರಿಯಾಗಿ ಕೂರದೆ ಹೊರಗೆ ಉಳಿದಿದ್ದರಿಂದ ನಾಡಿ ಸಿಕ್ಕಿರಲಿಲ್ಲ. ಹನ್ನೊಂದನೆಯ ನಿಯಮದಂತೆ ಬಲತೋಳಿಗೆ ಹಾಕಲಾಯಿತು." ನರ್ಸಿನತ್ತ ತಿರುಗಿ, "ಕಲ್ಲಿಂದ ತೆಗೀರಿ. ಇವರಿಗೆ ಹಾಕಿ," ಎಂದರು.

ಮಾಬ್ಲು ಕಾಕನಿಗೆ 'ಹಾಕಿ' ಎಂಬುದರ ಅರ್ಥ ಆಗ ಹೊಳೆಯಿತು.

"ಇನ್ನೊಂದು ಸೂಜಿಯಾ? ಸಾಹೇಬ್ರೆ, ನಾ ಸತ್ತಂವ್ನೇ ಇರ್ತೆ ಅಂದ್ನಲ್ಲ..."

ಕಾಕಿ ಅವನ ಭುಜ ಹಿಡಿದು ಕೂರಿಸಿದಳು. "ಈ ಸಲ ಕಣ್ಣು ಬಿಟ್ಕಂಡು ಕೂತ್ಕೊ. ಯಾರ ಹೆಸರು ಓದ್ತಾರೆ ಅಂತ ಕೇಳು. ಮದುವೆ ಆಗ್ಯದ್ಯಾ ಅಂದ್ರೆ ಹೂಂ ಅನ್ನು."

ನರ್ಸ್ ಕಾಳಿಗೆ ಹತ್ತಿದ್ದ ಮೇಣ ಕೆರೆದು, ಔಷಧಿಯಲ್ಲಿ ತೊಳೆದು, ಸೂಜಿಗೆ ತುಂಬಿದಳು. ಹೆಸರು ಓದಿದಳು. ಕಾಕ ಕಣ್ಣು ಬಿಟ್ಟೇ ಇದ್ದ. ಕಣ್ಣೀರು ಕಪ್ಪು ಮೀಸೆಗೆ ಇಳಿದು ಗದ್ದದವರೆಗೆ ಎರಡು ಗೆರೆ ಎಳೆಯಿತು. ಆದರೆ ಹಾಂ ಎನ್ನಲಿಲ್ಲ. ಅದಕ್ಕೆ ಊರೇ ಸಾಕ್ಷಿ. ಸಾಹೇಬರ ಯಂತ್ರ ಕಿರ್ರೆಂದಿತು. "ನಾಡಿ ಬಂತು. ಸ್ವಲ್ಪ ಜೋರಾಗೇ ಇದೆ," ಎಂದರು. ಗಂಗೂ ಅಜ್ಜಿ ಕಲ್ಲಿಗೆ ಒಮ್ಮೆ, ಕಾಕನಿಗೆ ಒಮ್ಮೆ, ಯಾವುದಕ್ಕೂ ಇರಲಿ ಎಂದು ಯಂತ್ರಕ್ಕೂ ಒಮ್ಮೆ ಕೈ ಮುಗಿದಳು.

ಜೀಪು ಹತ್ತುವ ಮೊದಲು ಸಾಹೇಬರು ನನ್ನನ್ನು ಕರೆದು ಎಷ್ಟು ಕಲಿತಿದ್ದೀ ಎಂದು ಕೇಳಿದರು. ಏಳನೆಯತ್ತೆ ಎಂದೆ.

"ನಾಲ್ಕನೆಯ ಪುಟ ಓದಿದವಳು ಜಿಲ್ಲೆಯಲ್ಲಿ ನೀನೊಬ್ಬಳೇ. ನಾನೂ ಓದಿರ್ಲಿಲ್ಲ. ಬರುವ ವಾರ ಹಿಲ್ಲೂರಲ್ಲಿ ಕ್ಯಾಂಪಿದೆ. ಫಾರಂ ತುಂಬೂಕೆ ಒಬ್ರು ಬೇಕು, ಬರ್ತೀಯಾ?"

ನಾನು ಆಗಲಿ ಎಂದು ತಲೆ ಆಡಿಸಿದೆ. ಅವತ್ತಿನ ಮಾತೆಲ್ಲ ಖರ್ಚಾಗಿತ್ತು.

ಮರುದಿನದ ಬಲೆಗೆ ಮಾಬ್ಲು ಕಾಕ ಎಲ್ಲರಿಗಿಂತ ಮೊದಲು ಬಂದ. ಪೆಟ್ಟಿಗೆಗೆ ಎಡತೋಳು ತೋರಿಸಿದ. "ದಂಡೆ ಜಟಗ ಅವರು ಹಾಜರಾಗಿದ್ದಾರೆ." ಬಲತೋಳು ತೋರಿಸಿದ. "ಮಾಬ್ಲೇಶ್ವರ ಅವರು ಹಾಜರಾಗಿದ್ದಾರೆ." ಯಾರೂ ಹಗ್ಗ ಬಿಡಲಿಲ್ಲ. ತಾರ್ಲೆ ಮೀನು ಬಂತು, ಬಂಗಡೆ ಬಂತು. ಕಾಶಿ ಕಾಕಿಯ ಬುಟ್ಟಿಯೂ ನಮ್ಮ ಬುಟ್ಟಿಗಳೂ ತುಂಬಿದವು.

ಪಾಲು ಮುಗಿದ ಮೇಲೆ ಗಂಗೂ ಅಜ್ಜಿ ಅಬ್ಬಲಿಗೆ ಹೂವಿನ ಸಣ್ಣ ದಂಡೆಯನ್ನು ಎರಡು ತುಂಡು ಮಾಡಿದಳು. ಒಂದನ್ನು ಕಲ್ಲಿನ ಮೇಲಿಟ್ಟಳು. ಇನ್ನೊಂದನ್ನು ಕಾಕನ ಎಡಗೈ ಮಣಿಕಟ್ಟಿಗೆ ಕಟ್ಟಿ ಕಣ್ಣಿಗೆ ಒತ್ತಿಕೊಂಡಳು. ಕಾಕ ಮೀಸೆ ತಿರುವಿ, ಆಶೀರ್ವಾದ ಮಾಡಲೆಂದು ಬಲಗೈ ಎತ್ತಿದ.

ಅಜ್ಜಿ ಆ ಕೈಗೆ ಫಟ್ಟನೆ ಒಂದು ಹೊಡೆದಳು.

"ಇದು ಮಾಬ್ಲಂದು. ಬುಟ್ಟಿ ಎತ್ತು ಇದ್ರಲ್ಲಿ. ಮನೆ ತನಕ ತಂದು ಕೊಡು."